ನಿಧಾನವಾಗಿ ನಡೆಯುವವರ ದಾರಿ ಮತ್ತು ಬೆಟ್ಟದೂರಿನ ವ್ಯಾಪಾರ

ಪ್ರವಾಸೋದ್ಯಮದ ಮಾತು ಬಂದೊಡನೆ ವಾಣಿಜ್ಯ ಸಂಸ್ಥೆಗಳ ಸಭೆಗಳಲ್ಲಿ ಕೇಳಿಬರುವ ಬೇಡಿಕೆಗಳ ಪಟ್ಟಿ ಬಹುಕಾಲದಿಂದ ಬದಲಾಗಿಲ್ಲ. ರಸ್ತೆ ಅಗಲವಾಗಬೇಕು, ವಿಮಾನ ನಿಲ್ದಾಣ ಬರಬೇಕು, ಬೆಟ್ಟಕ್ಕೆ ರೋಪ್‌ವೇ ಆಗಬೇಕು, ತಾರಾ ಹೋಟೆಲುಗಳಿಗೆ ತೆರಿಗೆ ರಿಯಾಯಿತಿ ದೊರೆಯಬೇಕು. ಇವೆಲ್ಲವೂ ಕೋಟಿಗಳ ಲೆಕ್ಕದ ಬೇಡಿಕೆಗಳು. ಮಂಜೂರಾತಿಗೆ ವರ್ಷಗಳೇ ಬೇಕು. ಇವುಗಳ ನಡುವೆ, ಬೆಟ್ಟದೂರಿನ ಸಣ್ಣ ವ್ಯಾಪಾರವನ್ನು ಅತ್ಯಲ್ಪ ಬಂಡವಾಳದಲ್ಲಿ ದೀರ್ಘಕಾಲ ಸಲಹಬಲ್ಲ ಆಸ್ತಿಯೊಂದು ಪಟ್ಟಿಗೆ ಸೇರುವುದೇ ಅಪರೂಪ. ಆ ಆಸ್ತಿಯೆಂದರೆ ಕಾಲುದಾರಿ. ಅದರಲ್ಲೂ ಶಿಖರಕ್ಕೆ ಏರುವ ಕಡಿದಾದ ದಾರಿಯಲ್ಲ. ಎಪ್ಪತ್ತರ ಅಜ್ಜಿಯೂ ಏಳರ ಮೊಮ್ಮಗಳೂ ಜೊತೆಯಾಗಿ ನಡೆದು ಸಂಜೆಯ ಹೊತ್ತಿಗೆ ಊರಿಗೆ ಮರಳಬಹುದಾದ ಸುಲಭದ ದಾರಿ.

ಈ ಮಾತು ಉತ್ಪ್ರೇಕ್ಷೆಯೆಂದು ತೋರಿದರೆ ಸ್ವಿಟ್ಜರ್‌ಲೆಂಡಿನ ಬರ್ನ್ ಪ್ರಾಂತ್ಯದ ಗ್ರಿಂಡೆಲ್‌ವಾಲ್ಡ್ ಎಂಬ ಕಣಿವೆಯೂರಿನ ವ್ಯವಸ್ಥೆಯನ್ನು ಪರಿಶೀಲಿಸುವುದು ಒಳಿತು. ಜನಸಂಖ್ಯೆ ನಾಲ್ಕು ಸಾವಿರದ ಆಸುಪಾಸು. ಸಮುದ್ರ ಮಟ್ಟದಿಂದ 1,034 ಮೀಟರ್ ಎತ್ತರ, ಅಂದರೆ ಮಡಿಕೇರಿಗಿಂತ ತುಸು ತಗ್ಗಿನಲ್ಲಿಯೇ ಇರುವ ಊರು. ಆದರೆ ಊರಿನ ನೆತ್ತಿಯ ಮೇಲೆಯೇ 3,967 ಮೀಟರ್ ಎತ್ತರದ ಐಗರ್ ಪರ್ವತದ ಗೋಡೆ ನಿಂತಿದೆ. 1890ರಲ್ಲಿಯೇ ರೈಲು ಇಲ್ಲಿಗೆ ಬಂದಿತು. 1912ರಲ್ಲಿ ಇದೇ ಪರ್ವತದ ಹೊಟ್ಟೆಯನ್ನು ಕೊರೆದು 3,454 ಮೀಟರ್ ಎತ್ತರದ ಯುಂಗ್‌ಫ್ರೌಯೋಖ್ ವರೆಗೆ ರೈಲು ಹರಿಯಿತು. ಭಾರತದಿಂದ ಹೋಗುವ ಪ್ರವಾಸಿಗರಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಈ ರೈಲು ಮಾತ್ರ. ಹಿಂದಿ ಚಿತ್ರಗಳ ಪ್ರಭಾವದಿಂದ ಆ ಕಣಿವೆಗೆ ಜನರನ್ನು ಸೆಳೆದ ಯಶ್ ಚೋಪ್ರಾ ಅವರ ಪ್ರತಿಮೆಯನ್ನು ಸಮೀಪದ ಇಂಟರ್‌ಲಾಕೆನ್‌ನಲ್ಲಿ 2016ರಲ್ಲಿ ನಿಲ್ಲಿಸಲಾಗಿದೆ. ಬೆಳಿಗ್ಗೆ ರೈಲು ಹತ್ತಿ, ಹಿಮದಲ್ಲಿ ಭಾವಚಿತ್ರ ತೆಗೆಸಿಕೊಂಡು, ಸಂಜೆಗೆ ಬೇರೊಂದು ನಗರ ಸೇರುವ ಈ ಗ್ರಾಹಕನಿಂದ ರೈಲು ಕಂಪನಿಗೆ ಲಾಭವಿದೆ; ಊರಿನ ಬ್ರೆಡ್ಡಿನ ಅಂಗಡಿಗೆ ಅಷ್ಟಾಗಿ ಇಲ್ಲ. ನಾಲ್ಕು ದಿನ, ವಾರ ಎಂದು ಅಲ್ಲಿ ತಂಗುವವನು ನಡೆಯಲು ಬಂದವನು.

ಅವನಿಗೆ ಆ ಕಣಿವೆಯಲ್ಲಿ ಏನೇನು ಒದಗಿಸಲಾಗಿದೆ ಎಂಬುದನ್ನು ಒಬ್ಬ ವರ್ತಕನ ಕಣ್ಣಿನಿಂದ ನೋಡಬೇಕು. ಅಂಗಡಿಯಲ್ಲಿ ಒಂದೇ ಸರಕಿಗೆ ಹಲವು ದರ್ಜೆಗಳಿರುವಂತೆ ಅಲ್ಲಿ ದಾರಿಗಳಿಗೂ ದರ್ಜೆಗಳಿವೆ. ತೊಟ್ಟಿಲಿನಂಥ ತೂಗುಗಾಡಿಯಲ್ಲಿ ಮೆನ್ಲಿಖೆನ್ ಎಂಬ ದಿಣ್ಣೆಗೆ ಏರಿದರೆ, ಅಲ್ಲಿಂದ ಕ್ಲೈನೆ ಶೈಡೆಗ್ ರೈಲು ನಿಲ್ದಾಣದವರೆಗೆ ಸುಮಾರು ನಾಲ್ಕೂವರೆ ಕಿಲೋಮೀಟರ್ ಉದ್ದದ, ಮೆಲ್ಲನೆ ಇಳಿಯುವ ಅಗಲವಾದ ದಾರಿಯಿದೆ. ಮಗುವಿನ ತಳ್ಳುಗಾಡಿಯೂ ಅದರಲ್ಲಿ ಸಾಗುತ್ತದೆ. ಒಂದೂವರೆ ಗಂಟೆಯ ನಡಿಗೆ. ಎರಡೂ ತುದಿಯಲ್ಲಿ ಉಪಾಹಾರ ಗೃಹ. ಕಣಿವೆಯ ಇನ್ನೊಂದು ಬದಿಯಲ್ಲಿ ಫರ್ಸ್ಟ್ ಎಂಬಲ್ಲಿಂದ ಬಾಖಾಲ್ಪ್ ಸರೋವರಕ್ಕೆ ಸುಮಾರು ಮೂರು ಕಿಲೋಮೀಟರ್, ನೂರು ಮೀಟರಿನಷ್ಟು ಏರು, ಒಂದು ಗಂಟೆ. ಅಲ್ಲಿಗೇ ಸಾಕೆನ್ನುವವರು ಹಿಂದಿರುಗುತ್ತಾರೆ. ಕಾಲಿನಲ್ಲಿ ಕಸುವುಳ್ಳವರು 2,681 ಮೀಟರಿನ ಫೌಲ್‌ಹಾರ್ನ್ ಶಿಖರಕ್ಕೆ ಹತ್ತುತ್ತಾರೆ. ಆ ನೆತ್ತಿಯಲ್ಲಿ 1830ರ ದಶಕದಿಂದ ಒಂದು ವಸತಿಗೃಹವಿದೆ. ಇನ್ನೂ ಧೈರ್ಯವುಳ್ಳವರಿಗೆ ಐಗರ್‌ನ ಉತ್ತರ ಗೋಡೆಯ ಬುಡದಲ್ಲಿಯೇ ಸಾಗಿ ಆಲ್ಪಿಗ್ಲೆನ್‌ಗೆ ಇಳಿಯುವ ಸುಮಾರು ಆರು ಕಿಲೋಮೀಟರಿನ ಐಗರ್ ದಾರಿ. ಇದನ್ನು 1997ರಲ್ಲಿ ತೆರೆಯಲಾಯಿತು. ಬೆಟ್ಟ ಹತ್ತಲು ಮನಸ್ಸೇ ಇಲ್ಲದವರಿಗೆ ಊರಿನ ಅಂಚಿನಲ್ಲಿಯೇ ಹಿಮನದಿ ಕೊರೆದ ಕಮರಿಯಿದೆ. ಬಂಡೆಗೆ ಜೋಡಿಸಿದ ಮರದ ಅಟ್ಟಣೆಯ ಮೇಲೆ ಒಳಹೊಕ್ಕು ಬರಬಹುದು.

ಈ ವ್ಯವಸ್ಥೆಯ ಮರ್ಮ ಎಲ್ಲಿದೆ? ಕುಟುಂಬವೊಂದರ ಪ್ರವಾಸವನ್ನು ನಿರ್ಧರಿಸುವವರು ಆ ಮನೆಯಲ್ಲಿ ವೇಗವಾಗಿ ನಡೆಯುವವರಲ್ಲ, ನಿಧಾನವಾಗಿ ನಡೆಯುವವರು. ಮೊಣಕಾಲು ನೋವಿನ ತಾಯಿ ನಡೆಯಲಾರಳೆಂದಾದರೆ ಮಗನೊಬ್ಬನೇ ಬೆಟ್ಟಕ್ಕೆ ಬರುವುದಿಲ್ಲ. ಇಡೀ ಕುಟುಂಬವೇ ಬೇರೆ ಊರನ್ನು ಆರಿಸಿಕೊಳ್ಳುತ್ತದೆ. ಆದುದರಿಂದ ದಾರಿಯೊಂದರ ಕೊರತೆಯಿಂದ ಊರು ಕಳೆದುಕೊಳ್ಳುವುದು ಒಬ್ಬ ಗ್ರಾಹಕನನ್ನಲ್ಲ, ಆರು ಮಂದಿಯನ್ನು. ಉದಾಹರಣೆಗಾಗಿ, ಅಂಥ ಆರು ಜನರ ಕುಟುಂಬ ಮೂರು ದಿನ ತಂಗಿತೆಂದು ಭಾವಿಸಿದರೆ, ಎರಡು ಕೊಠಡಿಗಳ ಮೂರು ರಾತ್ರಿಯ ಬಾಡಿಗೆ, ದಿನಕ್ಕೆ ಮೂರು ಹೊತ್ತಿನಂತೆ ಐವತ್ತನಾಲ್ಕು ಊಟ-ತಿಂಡಿ, ಒಂದಿಷ್ಟು ಔಷಧಿ, ಮಕ್ಕಳ ಚಪ್ಪಲಿ, ಬಾಡಿಗೆ ಕಾರು, ಹೊರಡುವಾಗ ಕಾಫಿಪುಡಿ, ಜೇನು, ಏಲಕ್ಕಿ. ಇನ್ನೊಂದೆಡೆ ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಬಸ್ಸು ಹತ್ತಿ, ಶನಿವಾರ ಶಿಖರವೇರಿ, ಅಂದೇ ರಾತ್ರಿ ಅದೇ ಬಸ್ಸಿನಲ್ಲಿ ಮರಳುವ ಯುವಕರ ತಂಡ. ಅವರು ಶುಲ್ಕ ಕಟ್ಟಿದ್ದು ಬೆಂಗಳೂರಿನ ಆಯೋಜಕನಿಗೆ. ಬೆಟ್ಟದೂರಿಗೆ ದಕ್ಕುವುದು ಒಂದು ತಿಂಡಿ, ಎರಡು ಚಹಾ, ಮತ್ತು ಗುಡಿಸಬೇಕಾದ ಪ್ಲಾಸ್ಟಿಕ್ ಬಾಟಲಿಗಳು. ಯುವಕರು ಬರಬಾರದೆಂದು ಇದರ ಅರ್ಥವಲ್ಲ. ಅವರೊಬ್ಬರನ್ನೇ ನೆಚ್ಚಿದ ಊರಿನ ಗಲ್ಲಾಪೆಟ್ಟಿಗೆ ತುಂಬುವುದಿಲ್ಲ, ಅಷ್ಟೆ.

ದರ್ಜೆಯೆಂಬುದು ಕೇವಲ ಮಾತಿನಲ್ಲಿದ್ದರೆ ಸಾಲದು, ಅದು ಕಣ್ಣಿಗೆ ಕಾಣಬೇಕು. ಆ ದೇಶದಲ್ಲಿ ಹಳದಿ ಬಣ್ಣದ ಕೈಮರವಿರುವ ದಾರಿಯೆಂದರೆ ಸಾಮಾನ್ಯರು ನಡೆಯಬಹುದಾದ ದಾರಿ. ಕಡಿದಾದಲ್ಲಿ ಮೆಟ್ಟಿಲು, ಬೀಳುವ ಭಯವಿರುವಲ್ಲಿ ಕಟಕಟೆ ಇರುತ್ತದೆ. ಬಿಳಿ-ಕೆಂಪು-ಬಿಳಿ ಪಟ್ಟೆಯಿದ್ದರೆ ಬೆಟ್ಟದ ದಾರಿ. ಹೆಜ್ಜೆ ಗಟ್ಟಿಯಾಗಿರಬೇಕು, ತಲೆ ತಿರುಗಬಾರದು, ಒಳ್ಳೆಯ ಪಾದರಕ್ಷೆ ಬೇಕು. ಬಿಳಿ-ನೀಲಿ-ಬಿಳಿ ಪಟ್ಟೆಯಿದ್ದರೆ ಅನುಭವಿಗಳಿಗೆ ಮಾತ್ರ. ಕೈಮರದ ಮೇಲೆ ಬರೆಯುವುದು ಕಿಲೋಮೀಟರನ್ನಲ್ಲ, ಹೊತ್ತನ್ನು. ಸಮತಟ್ಟು ನೆಲದಲ್ಲಿ ಗಂಟೆಗೆ 4.2 ಕಿಲೋಮೀಟರ್ ವೇಗವನ್ನು ಆಧಾರವಾಗಿಟ್ಟುಕೊಂಡು, ಏರಿಳಿತವನ್ನು ಸೇರಿಸಿ, ವಿಶ್ರಾಂತಿಯ ವೇಳೆಯನ್ನು ಬಿಟ್ಟು ಲೆಕ್ಕ ಹಾಕುತ್ತಾರೆ. ದೇಶದ ಯಾವ ಮೂಲೆಗೆ ಹೋದರೂ ಇದೇ ಅಳತೆ. ಬೆಟ್ಟದಲ್ಲಿ ಎರಡು ಕಿಲೋಮೀಟರ್ ಎಂದರೆ ಅಪರಿಚಿತನಿಗೆ ಏನೂ ತಿಳಿಯದು. ಒಂದು ಗಂಟೆ ಹತ್ತು ನಿಮಿಷ ಎಂದರೆ ಅಜ್ಜಿಗೂ ತಿಳಿಯುತ್ತದೆ. ತೂಕ ಮತ್ತು ಅಳತೆ ಸರಿಯಿರುವ ಅಂಗಡಿಗೆ ಗಿರಾಕಿ ಮರಳಿ ಬರುವಂತೆ, ಹೇಳಿದ ಹೊತ್ತಿಗೆ ತಲುಪಿಸಿದ ದಾರಿಗೂ ನಡೆಯುವವನು ಮರಳಿ ಬರುತ್ತಾನೆ. ಕರ್ನಾಟಕಕ್ಕೆ ಈ ಪದ್ಧತಿ ತೀರ ಹೊಸದೇನೂ ಅಲ್ಲ. ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಗಳ ಕಡೆಗೆ ಹೋಗುವ ದಾರಿಯಲ್ಲಿನ ಊರಿನ ಹೆಸರೇ ಕೈಮರ.

ಹೀಗೆ ಗುರುತು ಹಾಕಿದ ದಾರಿಗಳ ಒಟ್ಟು ಉದ್ದ ಆ ದೇಶದಲ್ಲಿ ಸುಮಾರು 65,000 ಕಿಲೋಮೀಟರ್. ದೇಶದ ವಿಸ್ತೀರ್ಣವಾದರೋ ಕರ್ನಾಟಕದ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಇದು ಸರ್ಕಾರದ ಕೃಪೆಯಿಂದ ಆದದ್ದಲ್ಲ. 1934ರಲ್ಲಿ ನಡಿಗೆಪ್ರಿಯರು ಸೇರಿ ರಾಷ್ಟ್ರಮಟ್ಟದ ಸಂಘವೊಂದನ್ನು ಕಟ್ಟಿದರು. ಮೋಟಾರು ವಾಹನಗಳು ಹೆಚ್ಚಿ ಹಳೆಯ ದಾರಿಗಳ ಮೇಲೆ ಡಾಂಬರು ಬೀಳತೊಡಗಿದಾಗ ಜನರೇ ಒತ್ತಾಯಿಸಿದುದರಿಂದ 1979ರ ಫೆಬ್ರವರಿಯಲ್ಲಿ ಜನಮತಗಣನೆ ನಡೆದು, ಕಾಲುದಾರಿಗಳ ವಿಷಯ ಸಂವಿಧಾನಕ್ಕೇ ಸೇರಿತು. 1985ರಲ್ಲಿ ಕಾಯಿದೆಯಾಗಿ, 1987ರ ಜನವರಿ 1ರಿಂದ ಜಾರಿಗೆ ಬಂದಿತು. ಈ ಕಾಯಿದೆಯ ಎರಡು ಅಂಶಗಳು ಮಲೆನಾಡಿನವರ ಗಮನಕ್ಕೆ ಅರ್ಹವಾಗಿವೆ. ದಾರಿಯೊಂದನ್ನು ಯಾವುದೇ ಕಾರಣಕ್ಕೆ ಕಡಿದರೆ, ವಾಹನಗಳಿಗೆ ಬಿಟ್ಟುಕೊಟ್ಟರೆ, ಅಥವಾ ಬಹುದೂರ ಡಾಂಬರು, ಕಾಂಕ್ರೀಟು ಹಾಕಿ ನಡಿಗೆಗೆ ಯೋಗ್ಯವಲ್ಲದಂತೆ ಮಾಡಿದರೆ, ಅದಕ್ಕೆ ಸರಿಸಾಟಿಯಾದ ಬದಲಿ ದಾರಿಯನ್ನು ಒದಗಿಸುವ ಹೊಣೆ ಬರುತ್ತದೆ. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ದಾರಿಯನ್ನು ಸ್ಥಿರಾಸ್ತಿಯೆಂದು ಪರಿಗಣಿಸಿ, ಸವೆದರೆ ಅಥವಾ ಕಳೆದರೆ ಬದಲಿಯನ್ನು ಕಡ್ಡಾಯಗೊಳಿಸಲಾಗಿದೆ.

ಎರಡನೆಯದು ಇನ್ನೂ ಮುಖ್ಯ. ಮಗು ಶಾಲೆಗೆ, ಕೆಲಸಗಾರ ಕಾರ್ಖಾನೆಗೆ, ಗೃಹಿಣಿ ಅಂಗಡಿಗೆ ಅಥವಾ ಬಸ್ ನಿಲ್ದಾಣಕ್ಕೆ ನಡೆದುಹೋಗುವ ಊರೊಳಗಿನ ಕಾಲುದಾರಿಗೂ, ಪ್ರವಾಸಿಗ ಬೆಟ್ಟದಲ್ಲಿ ನಡೆಯುವ ದಾರಿಗೂ ಅಲ್ಲಿ ಇರುವುದು ಒಂದೇ ಕಾಯಿದೆ. ಮಲೆನಾಡು ಮತ್ತು ಕರಾವಳಿಯ ಒಳನಾಡಿನಲ್ಲಿ ಹಳ್ಳ ದಾಟಲು ಅಡಿಕೆ ಮರದ ಕಾಲುಸಂಕಗಳನ್ನು ನೆಚ್ಚಿಕೊಂಡ ಹಳ್ಳಿಗಳು ಇಂದಿಗೂ ಇವೆ. ಮಳೆಗಾಲದಲ್ಲಿ ಶಾಲೆಗೆ ಹೊರಟ ಮಕ್ಕಳು ಸಂಕದಿಂದ ಜಾರಿ ಕೊಚ್ಚಿಹೋದ ವರದಿಗಳನ್ನು ಪತ್ರಿಕೆಗಳಲ್ಲಿ ಓದದ ವರ್ಷಗಳು ಕಡಿಮೆ. ಪ್ರವಾಸಿಗರಿಗೆಂದು ಕಟ್ಟಿದ ಭದ್ರವಾದ ಕಾಲುಸಂಕದ ಮೇಲೆ ಆ ಮಗುವೂ ದಾಟುತ್ತದೆ. ಮಗುವಿಗೆಂದು ಕಟ್ಟಿದ ಸಂಕದ ಮೇಲೆ ಪ್ರವಾಸಿಗನೂ ದಾಟಬಹುದು. ಒಂದೇ ಖರ್ಚಿಗೆ ಎರಡು ಪ್ರತಿಫಲ ದೊರೆಯುವ ಇಂಥ ಬಾಬನ್ನು ಯಾವ ಗ್ರಾಮ ಪಂಚಾಯಿತಿಯ ಆಯವ್ಯಯದಲ್ಲಿಯೂ ಸಮರ್ಥಿಸಬಹುದು.

ಇನ್ನು ಹಣದ ಮಾತು. ಬರ್ನ್ ಪ್ರಾಂತ್ಯದ ತೆರಿಗೆ ಕಾನೂನು ಅಲ್ಲಿನ ಊರುಗಳಿಗೆ ಎರಡು ಬಗೆಯ ವಂತಿಗೆಯನ್ನು ವಿಧಿಸಲು ಅವಕಾಶ ಕೊಟ್ಟಿದೆ. ಒಂದು, ತಂಗುವ ಅತಿಥಿಯಿಂದ ರಾತ್ರಿಗೆ ಇಷ್ಟೆಂದು ಹೋಟೆಲಿನವರು ವಸೂಲು ಮಾಡಿ ಕಟ್ಟುವ ಅತಿಥಿ ತೆರಿಗೆ. ಈ ಹಣವನ್ನು ಅತಿಥಿಗಳ ಅನುಕೂಲಕ್ಕೇ ವೆಚ್ಚ ಮಾಡಬೇಕು, ಜಾಹೀರಾತಿಗೆ ಬಳಸುವಂತಿಲ್ಲ. ಇನ್ನೊಂದು, ಪ್ರವಾಸಿಗರಿಂದ ನೇರವಾಗಿ ಅಥವಾ ಪರೋಕ್ಷವಾಗಿ ಲಾಭ ಪಡೆಯುವ ಊರಿನ ಉದ್ಯಮಗಳಿಂದ ಸಂಗ್ರಹಿಸುವ ಪ್ರವಾಸೋದ್ಯಮ ವಂತಿಗೆ. ಊರಿನ ಪ್ರಚಾರದ ವೆಚ್ಚ ಇದರಿಂದ ನಡೆಯುತ್ತದೆ. ಎರಡು ಖಾತೆ, ಎರಡು ಉದ್ದೇಶ. ಒಂದರ ಹಣ ಇನ್ನೊಂದಕ್ಕೆ ಹರಿಯದು. ಅತಿಥಿಯಿಂದ ಪಡೆದದ್ದು ಅತಿಥಿಯ ಕಾಲಕೆಳಗಿನ ದಾರಿಗೆ, ವರ್ತಕನಿಂದ ಪಡೆದದ್ದು ವರ್ತಕನ ಪ್ರಚಾರಕ್ಕೆ ಎಂಬ ಈ ವಿಂಗಡಣೆ ಅತ್ಯಂತ ನ್ಯಾಯಸಮ್ಮತವಾದುದು. ಕರ್ನಾಟಕದಲ್ಲಿ ಕೊಠಡಿ ಬಾಡಿಗೆಯ ಮೇಲೆ ಜಿ.ಎಸ್.ಟಿ. ಇದೆ, ಪಂಚಾಯಿತಿಯ ಕಂದಾಯವಿದೆ, ಪರವಾನಗಿ ಶುಲ್ಕವಿದೆ. ಆದರೆ ಅತಿಥಿ ಕೊಟ್ಟ ಹಣದಲ್ಲಿ ಎಷ್ಟು ಪಾಲು ಆತ ನಡೆದ ದಾರಿಗೆ ಮರಳಿತೆಂದು ಯಾವ ಹೋಂ ಸ್ಟೇ ಮಾಲೀಕನೂ ತೋರಿಸಲಾರ, ಏಕೆಂದರೆ ಅಂಥ ಲೆಕ್ಕದ ಶೀರ್ಷಿಕೆಯೇ ಇಲ್ಲ.

ಗ್ರಿಂಡೆಲ್‌ವಾಲ್ಡ್ ಕಣಿವೆಯನ್ನು ಸ್ವರ್ಗವೆಂದು ಬಣ್ಣಿಸುವ ಅಗತ್ಯವಿಲ್ಲ. ಹಿಮನದಿ ಕರಗಿ ಹಿಂದೆ ಸರಿದಂತೆ ದಡ ಸಡಿಲಗೊಂಡು, ಮೇಲ್ಭಾಗದ ಸ್ಟೀರೆಗ್ ಎಂಬಲ್ಲಿದ್ದ ಜನಪ್ರಿಯ ಉಪಾಹಾರ ಗೃಹವನ್ನು 2005ರಲ್ಲಿ ತೆರವು ಮಾಡಬೇಕಾಯಿತು. ಮರುವರ್ಷ ಬೇರೆಡೆ, ಬೇರೆಗ್‌ನಲ್ಲಿ ಹೊಸದನ್ನು ಕಟ್ಟಿದರು. ಜನಜಂಗುಳಿಯ ಬಾಧೆಯೂ ಕಡಿಮೆಯಿಲ್ಲ. ನೆರೆಯ ಲೌಟರ್‌ಬ್ರುನ್ನೆನ್‌ನಲ್ಲಿ ಕಾರಿನಲ್ಲಿ ಬಂದು ಹೋಗುವ ಪ್ರವಾಸಿಗರಿಗೆ ಪ್ರವೇಶ ಶುಲ್ಕ ವಿಧಿಸುವ ಚರ್ಚೆ 2024ರಲ್ಲಿ ನಡೆಯಿತು. ಸಮೀಪದ ಇಸೆಲ್ಟ್‌ವಾಲ್ಡ್‌ನಲ್ಲಿ ಕೊರಿಯಾದ ದೂರದರ್ಶನ ಧಾರಾವಾಹಿಯಲ್ಲಿ ಕಾಣಿಸಿಕೊಂಡ ದೋಣಿಕಟ್ಟೆಯ ಮೇಲೆ ನಿಲ್ಲಲು 2023ರಿಂದ 5 ಫ್ರಾಂಕ್ ತೆತ್ತು ಒಳಹೋಗಬೇಕಾಯಿತು. ಈ ಎರಡೂ ಕಡೆ ಗೋಳು ಹುಟ್ಟಿದ್ದು ನಡೆಯುವವರಿಂದಲ್ಲ; ಒಂದೇ ಸ್ಥಳದ ಒಂದೇ ಚಿತ್ರಕ್ಕಾಗಿ ಒಮ್ಮೆಲೇ ಬಂದು ಗಂಟೆಯೊಳಗೆ ಹೊರಡುವವರಿಂದ ಎಂಬುದನ್ನು ಗಮನಿಸಬೇಕು. ದಾರಿಗಳ ಜಾಲ ಜನರನ್ನು ಹಂಚುತ್ತದೆ. ಒಂಟಿ ಆಕರ್ಷಣೆ ಜನರನ್ನು ಒಂದೆಡೆ ಗುಡ್ಡೆ ಹಾಕುತ್ತದೆ.

ಕರ್ನಾಟಕದ ಬೆಟ್ಟಗಳಲ್ಲಿ ಆಗಿರುವುದೂ ಇದೇ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ಸಾಲು ರಜೆಯಲ್ಲಿ 1,712 ಮೀಟರ್ ಎತ್ತರದ ಕುಮಾರಪರ್ವತದ ದಾರಿಯಲ್ಲಿ ಸಹಸ್ರಾರು ಮಂದಿ ಸಾಲುಗಟ್ಟಿದ ಚಿತ್ರಗಳು ಎಲ್ಲೆಡೆ ಹರಿದಾಡಿದವು. ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ಆನ್‌ಲೈನ್ ಕಾಯ್ದಿರಿಸುವಿಕೆಯ ವ್ಯವಸ್ಥೆ ಆಗುವವರೆಗೆ ಅಂಥ ಚಾರಣಗಳನ್ನು ನಿಲ್ಲಿಸಲು ಆದೇಶಿಸಿದರು. ಬಳಿಕ ಅರಣ್ಯ ವಿಹಾರ ಎಂಬ ಜಾಲತಾಣ ಬಂದು, ದಾರಿಯೊಂದಕ್ಕೆ ದಿನಕ್ಕೆ 300 ಮಂದಿ ಎಂಬ ಮಿತಿ ಗೊತ್ತಾಯಿತು. 1,930 ಮೀಟರಿನ ಮುಳ್ಳಯ್ಯನಗಿರಿಯಲ್ಲಿ ನಡೆಯುವವರಿಗಿಂತ ವಾಹನಗಳದೇ ದಟ್ಟಣೆಯಾಗಿ, ಅಲ್ಲಿಯೂ ಮುಂಗಡ ನೋಂದಣಿಯ ಕ್ರಮ ಅನಿವಾರ್ಯವಾಯಿತು. ಈ ಮಿತಿಗಳು ಸರಿಯಾದವೇ. ಬೆಟ್ಟದ ಧಾರಣಶಕ್ತಿ ಗೋದಾಮಿನ ಸಾಮರ್ಥ್ಯದಂತೆ ಒಂದು ಹಂತಕ್ಕೆ ಮುಗಿಯುತ್ತದೆ. ಆದರೆ ಮುನ್ನೂರೊಂದನೆಯವನು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಗೆ ಮಿತಿಯಲ್ಲಿ ಉತ್ತರವಿಲ್ಲ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯದಿಂದ, ಮಳೆಗಾಲದಲ್ಲಿ ಜಾರುವ ಬಂಡೆಗಳ ಭಯದಿಂದ ಶಿಖರದ ದಾರಿಗಳು ಮುಚ್ಚಿದಾಗ, ಅವನ್ನೇ ನೆಚ್ಚಿದ ಜೀಪಿನವರೂ ಖಾನಾವಳಿಯವರೂ ಏನು ಮಾಡಬೇಕೆಂಬುದಕ್ಕೂ ಉತ್ತರವಿಲ್ಲ.

ಕುಕ್ಕೆ ಸುಬ್ರಹ್ಮಣ್ಯವನ್ನೇ ನೋಡಬಹುದು. ಸರ್ಪಸಂಸ್ಕಾರ ಎರಡು ದಿನಗಳ ವಿಧಿ. ಅದಕ್ಕಾಗಿ ಬರುವವರಲ್ಲಿ ವೃದ್ಧರಿದ್ದಾರೆ, ಎಳೆಯ ಮಕ್ಕಳಿದ್ದಾರೆ. ಅವರು ಕೊಠಡಿ ಹಿಡಿದು ರಾತ್ರಿ ತಂಗುತ್ತಾರೆ. ಬೇರೆ ಊರುಗಳು ಹಂಬಲಿಸುವ ಗ್ರಾಹಕರು ಇಲ್ಲಿ ತಾವಾಗಿಯೇ ಬಂದು ಕುಳಿತಿದ್ದಾರೆ. ಅವರ ಮುಂದಿರುವ ಬೆಟ್ಟದ ದಾರಿಯಾದರೋ ಒಂದೂವರೆ ಸಾವಿರ ಮೀಟರಿಗೂ ಮೀರಿದ ಏರು, ರಾಜ್ಯದ ಅತಿ ಕಠಿಣ ಚಾರಣಗಳಲ್ಲಿ ಒಂದು. ಅದು ಬೇಡವೆಂದರೆ ಕುಮಾರಧಾರೆಯ ಸ್ನಾನಘಟ್ಟದವರೆಗೆ ವಾಹನಗಳ ನಡುವೆ ರಸ್ತೆಯಂಚಿನಲ್ಲಿ ನಡೆಯಬೇಕು. ಇವೆರಡರ ನಡುವಣ ದರ್ಜೆಯ, ನೆರಳಿನಲ್ಲಿ ಒಂದು ಗಂಟೆ ಸಾಗಿ ಹೊಳೆಯ ಬದಿಯಲ್ಲಿ ಕುಳಿತು ಬರಬಹುದಾದ, ನಡುನಡುವೆ ಕಲ್ಲುಬೆಂಚಿರುವ ದಾರಿಯೊಂದಿದ್ದರೆ ಸಂಜೆಯ ಆ ಹೊತ್ತು ಕೊಠಡಿಯಲ್ಲಿ ಕಳೆದುಹೋಗುತ್ತಿರಲಿಲ್ಲ. ದಾರಿಯ ತುದಿಯಲ್ಲಿ ಎಳನೀರು ಮಾರುವವನಿಗೂ ಅದು ತಿಳಿದಿರುವ ಸತ್ಯ.

ಕಳಸ, ಸಂಸೆಗಳ ಕಡೆ ನೋಟ ಹರಿಸಿದರೆ ವಿಷಯ ಇನ್ನಷ್ಟು ಗಂಭೀರವಾಗುತ್ತದೆ. ಸುಪ್ರೀಂ ಕೋರ್ಟಿನ ತೀರ್ಪಿನಂತೆ ಕುದುರೆಮುಖದ ಕಬ್ಬಿಣದ ಅದಿರಿನ ಗಣಿ 2005ರ ಕೊನೆಗೆ ಮುಚ್ಚಿತು. ಕಾಡಿನ ದೃಷ್ಟಿಯಿಂದ ಅದು ಆಗಬೇಕಾದದ್ದೇ. ಆದರೆ ಕಂಪನಿಯ ವಸತಿ ಪಟ್ಟಣ ಬರಿದಾದಾಗ ಸುತ್ತಲಿನ ಅಂಗಡಿಗಳಿಗೆ ತಿಂಗಳ ಮೊದಲ ವಾರದ ವ್ಯಾಪಾರವೂ ಹೋಯಿತು. ಈಗ ಅಲ್ಲಿನವರಿಗೆ ಅಡಿಕೆ, ಕಾಫಿಗಳ ಜೊತೆಗೆ ಸಿಕ್ಕಿರುವ ಆಸರೆ 1,894 ಮೀಟರಿನ ಕುದುರೆಮುಖ ಶಿಖರಕ್ಕೆ ಬರುವ ಚಾರಣಿಗರದು. ರಾಷ್ಟ್ರೀಯ ಉದ್ಯಾನದೊಳಗೆ ಹೊಸ ದಾರಿ ಮಾಡುವ ಮಾತೇ ಬೇಡ. ಉದ್ಯಾನದ ಹೊರಗೆ, ಭದ್ರೆಯ ಕಣಿವೆಯಲ್ಲಿ, ಗದ್ದೆಯ ಬದು, ತೋಟದ ಅಂಚು, ದೇವಸ್ಥಾನ, ಹಳೆಯ ಬಂಡಿದಾರಿ ಇವುಗಳನ್ನು ಪೋಣಿಸಿದರೆ ಒಂದು ಗಂಟೆಯಿಂದ ಮೂರು ಗಂಟೆಯವರೆಗಿನ ನಡಿಗೆಗಳು ಸಿದ್ಧವಾಗುತ್ತವೆ. ತೀರ್ಥಹಳ್ಳಿ ತಾಲೂಕಿನ ಕವಲೇದುರ್ಗದಲ್ಲಿ ಕೆಳದಿ ಅರಸರ ಕಾಲದ ಕಲ್ಲುಹಾಸಿನ ದಾರಿಯ ಮೇಲೆ ಗದ್ದೆಗಳ ನಡುವಿನಿಂದ ಕೋಟೆಗೆ ಏರುವವರಲ್ಲಿ ಶಾಲಾ ಮಕ್ಕಳೂ ಹಿರಿಯರೂ ಇರುತ್ತಾರೆ. ಆ ಕಾಲದವರು ದಾರಿಗೆ ಕಲ್ಲು ಹಾಸುವ ಖರ್ಚನ್ನು ಅಪವ್ಯಯವೆಂದು ಬಗೆಯಲಿಲ್ಲ.

ಆಕ್ಷೇಪಗಳು ಇಲ್ಲದಿಲ್ಲ. ಅವುಗಳಲ್ಲಿ ತೋಟದ ಮಾಲೀಕರ ಆಕ್ಷೇಪವೇ ಪ್ರಬಲವಾದುದು. ಅಪರಿಚಿತರು ತೋಟದೊಳಗೆ ಸುಳಿದಾಡಿದರೆ ಮೆಣಸಿನ ಬಳ್ಳಿಗೆ ಕೈಹಾಕುತ್ತಾರೆ, ಬೀಡಿಯ ಬೆಂಕಿ ಎಸೆಯುತ್ತಾರೆ, ಇಂದು ನಡೆಯಲು ಬಿಟ್ಟದ್ದು ನಾಳೆ ಹಕ್ಕಾಗಿ ಕುಳಿತುಕೊಳ್ಳುತ್ತದೆ ಎಂಬ ಭಯ ಸಹಜ. 1882ರ ಅನುಭೋಗ ಹಕ್ಕುಗಳ ಕಾಯಿದೆಯಂತೆ ಇಪ್ಪತ್ತು ವರ್ಷ ಅಡ್ಡಿಯಿಲ್ಲದೆ ಹಕ್ಕಿನಿಂದ ಬಳಸಿದ ದಾರಿಗೆ ಹಕ್ಕು ಹುಟ್ಟಬಹುದಾದುದರಿಂದ ಈ ಭಯವನ್ನು ತಳ್ಳಿಹಾಕುವಂತಿಲ್ಲ. ಇದಕ್ಕೆ ಪರಿಹಾರ ಬಾಯಿಮಾತಿನ ಒಪ್ಪಿಗೆಯಲ್ಲ, ಅವಧಿ ನಮೂದಿಸಿದ ಲಿಖಿತ ಅನುಮತಿ ಪತ್ರ. ಅನುಮತಿಯ ಮೇರೆಗೆ ಬಳಸಿದ ದಾರಿ ಹಕ್ಕಾಗಿ ಮಾರ್ಪಡುವುದಿಲ್ಲ. ಮೊದಲಿಗೆ ಗ್ರಾಮದ ನಕಾಶೆಯಲ್ಲಿ ಈಗಾಗಲೇ ಕಂಡಿರುವ ಕಾಲುದಾರಿ, ಬಂಡಿದಾರಿಗಳನ್ನೇ ಆರಿಸಿಕೊಂಡರೆ ತಕರಾರು ಬಹುಮಟ್ಟಿಗೆ ತಪ್ಪುತ್ತದೆ. ಇಂಬಳದ ಕಾಟ, ಮಳೆ ಎಂಬ ಇತರ ಆಕ್ಷೇಪಗಳಿಗೆ ಹೆಚ್ಚು ಮಹತ್ವ ಕೊಡಬೇಕಿಲ್ಲ. ಮಳೆಯನ್ನು ನೋಡಲೆಂದೇ ಆಗುಂಬೆಗೆ ಜನ ಬರುತ್ತಾರೆ.

ಅಂಗವಿಕಲರ ಪ್ರಶ್ನೆಯನ್ನು ಮಾತ್ರ ಆಕ್ಷೇಪದ ಸಾಲಿಗೆ ಸೇರಿಸದೆ ಬೇರೆಯಾಗಿ ಪರಿಗಣಿಸಬೇಕು. ಬೆಟ್ಟದಲ್ಲಿ ಗಾಲಿಕುರ್ಚಿ ಎಲ್ಲಿ ಸಾಗೀತು ಎಂದು ನಗುವವರಿದ್ದಾರೆ. ಬೆಟ್ಟದ ಎಲ್ಲ ದಾರಿಯಲ್ಲಿ ಸಾಗಬೇಕೆಂದು ಯಾರೂ ಕೇಳುತ್ತಿಲ್ಲ. ಸ್ವಿಟ್ಜರ್‌ಲೆಂಡಿನಲ್ಲಿಯೂ ಆಯ್ದ ದಾರಿಗಳನ್ನು ಮಾತ್ರ ಅಡೆತಡೆಯಿಲ್ಲದ ದಾರಿಗಳೆಂದು ಗುರುತಿಸಿ, ಎಲ್ಲಿ ಏರು ಇದೆ, ಎಲ್ಲಿ ಶೌಚಾಲಯವಿದೆ ಎಂಬ ವಿವರ ಒದಗಿಸಲಾಗಿದೆ. ಊರಿಗೊಂದರಂತೆ, ಐನೂರು ಮೀಟರ್ ಉದ್ದವಿದ್ದರೂ ಸಾಕು, ಗಟ್ಟಿಯಾದ ನೆಲದ, ಮೆಟ್ಟಿಲಿಲ್ಲದ ದಾರಿಯೊಂದು ನೋಟವಿರುವ ಜಾಗಕ್ಕೆ ಹೋಗಬೇಕು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಸಾರ್ವಜನಿಕ ಸೌಲಭ್ಯಗಳಿಂದ ನಿರೀಕ್ಷಿಸುವುದೂ ಇದನ್ನೇ. ಅದೇ ದಾರಿಯಲ್ಲಿ ಮಗುವಿನ ಗಾಡಿ, ಊರುಗೋಲಿನ ಅಜ್ಜ, ಶಸ್ತ್ರಚಿಕಿತ್ಸೆಯಾಗಿ ತಿಂಗಳಾದ ವ್ಯಕ್ತಿ ಎಲ್ಲರೂ ಬರುತ್ತಾರೆ.

ಸರ್ಕಾರದ ಆದೇಶಕ್ಕೆ ಕಾಯದೆ ವರ್ತಕರೇ ಆರಂಭಿಸಬಹುದಾದ ಕೆಲಸ ಇದರಲ್ಲಿ ಬಹಳಷ್ಟಿದೆ. ಊರಿನ ವರ್ತಕರ ಸಂಘ, ಹೋಂ ಸ್ಟೇ ಮಾಲೀಕರು, ಪಂಚಾಯಿತಿ ಸೇರಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಡಿ ಒಂದು ದಾರಿ ಸಂಘವನ್ನು ನೋಂದಾಯಿಸುವುದು ಕಷ್ಟವಲ್ಲ. ಅತಿಥಿಯ ಬಿಲ್ಲಿನಲ್ಲಿ ದಾರಿ ನಿಧಿಗೆಂದು ಐಚ್ಛಿಕವಾಗಿ ರಾತ್ರಿಗೆ ಹತ್ತು ರೂಪಾಯಿ ಪಡೆದರೂ ಕೊಡಲು ಹಿಂಜರಿಯುವವರು ವಿರಳ. ಆದರೆ ಅದಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ, ಪ್ರತ್ಯೇಕ ರಸೀದಿ ಪುಸ್ತಕ ಇರಲೇಬೇಕು. ವರ್ಷದ ಜಮಾ-ಖರ್ಚನ್ನು ದಾರಿಯ ಆರಂಭದಲ್ಲಿರುವ ಫಲಕದಲ್ಲಿಯೇ ಅಂಟಿಸಬೇಕು. ಹೊಸ ದಾರಿಗೆ ಉದ್ಘಾಟನೆ ಮಾಡುವ ಉತ್ಸಾಹ ಎಲ್ಲರಲ್ಲಿಯೂ ಇರುತ್ತದೆ. ಮೂರನೆಯ ವರ್ಷ ಕುಸಿದ ಮೆಟ್ಟಿಲನ್ನು ಸರಿಪಡಿಸಲು ಯಾರೂ ಇರುವುದಿಲ್ಲ. ಆದುದರಿಂದ ಸಂಗ್ರಹವಾದ ಹಣದಲ್ಲಿ ಹೆಚ್ಚಿನ ಪಾಲು ನಿರ್ವಹಣೆಗೇ ಮೀಸಲೆಂದು ಉಪನಿಯಮದಲ್ಲಿ ಬರೆದಿಡುವುದು ಕ್ಷೇಮ. ಸಣ್ಣ ತಯಾರಕರಿಗೂ ಇಲ್ಲಿ ಪಾಲಿದೆ. ಒಂದೇ ನಮೂನೆಯ ಕೈಮರ, ತುಕ್ಕು ಹಿಡಿಯದ ಕಟಕಟೆ, ಕಾಲುಸಂಕದ ಉಕ್ಕಿನ ಹಂದರ, ಬೆಂಚು, ಊರುಗೋಲು, ಮಳೆಯಂಗಿ ಇವಾವುವೂ ಹೊರದೇಶದಿಂದ ಬರಬೇಕಾದ ಸರಕುಗಳಲ್ಲ. ಜಿಲ್ಲೆಯ ಕೈಗಾರಿಕಾ ಬಡಾವಣೆಯ ಫ್ಯಾಬ್ರಿಕೇಷನ್ ಘಟಕಗಳೇ ಮಾಡಬಲ್ಲವು. ಎಲ್ಲ ಊರುಗಳೂ ಒಂದೇ ಬಣ್ಣ, ಒಂದೇ ಅಳತೆಯನ್ನು ಒಪ್ಪಿಕೊಂಡರೆ ಬೇಡಿಕೆಯೂ ಹಿಗ್ಗುತ್ತದೆ, ದರವೂ ಇಳಿಯುತ್ತದೆ. ಆ ಒಮ್ಮತವನ್ನು ಮೂಡಿಸುವುದು ಜಿಲ್ಲಾ ವಾಣಿಜ್ಯ ಸಂಸ್ಥೆಗಳಿಗೆ ತಕ್ಕ ಕೆಲಸ.

ಹೊತ್ತನ್ನು ಅಳೆಯುವಾಗ ಮಾತ್ರ ಒಂದು ಎಚ್ಚರಿಕೆ ಬೇಕು. ಊರಿನ ಹುಡುಗರನ್ನು ಓಡಿಸಿ ಅಳೆದ ಹೊತ್ತು ಯಾರ ಉಪಯೋಗಕ್ಕೂ ಬಾರದು. ಅರವತ್ತು ದಾಟಿದ ಇಬ್ಬರನ್ನೂ ಹತ್ತರೊಳಗಿನ ಒಂದು ಮಗುವನ್ನೂ ನಡೆಸಿ, ಗಡಿಯಾರ ಹಿಡಿದು ಬರೆದುಕೊಳ್ಳಬೇಕು. ಮಳೆ ನಿಂತ ಮೇಲೆ, ಅಕ್ಟೋಬರ್ ತಿಂಗಳಲ್ಲಿ, ಕುಸಿತ ಎಲ್ಲೆಲ್ಲಿ ಆಗಿದೆಯೆಂದು ದಾರಿಯುದ್ದಕ್ಕೂ ನೋಡಿ ಪಟ್ಟಿ ಮಾಡಿದರೆ ನವೆಂಬರಿನಲ್ಲಿ ದುರಸ್ತಿ ಮುಗಿದು, ಡಿಸೆಂಬರಿನ ರಜೆಯ ಪ್ರವಾಸಿಗರಿಗೆ ದಾರಿ ಸಿದ್ಧವಿರುತ್ತದೆ. ಹಾಗಾಗಬೇಕಾದರೆ ಅದರ ಅಂದಾಜು ವೆಚ್ಚಕ್ಕೆ ಸಂಘದ ಒಪ್ಪಿಗೆ ಸೆಪ್ಟೆಂಬರ್ ತಿಂಗಳ ಸಭೆಯಲ್ಲಿಯೇ ದೊರೆತಿರಬೇಕು.